ಯಾರ ಮನಿಗೆ ಬಂದೀರಿ?

ಹಳ್ಳಿಯೊಳಗೆ ಕೈಬೀಸಿಕೊಂಡು ನಡೆಯುವುದು ಅಂದುಕೊಂಡಷ್ಟು ಸುಲಭವಲ್ಲ. ಕೈಯಲ್ಲಿ ಕುಡುಗೋಲೋ, ಹಾಲಿನ ತಂಬಿಗೆಯೋ, ಕಡೇಪಕ್ಷ ರೇಷನ್ ಅಂಗಡಿಯ ಚೀಲವೋ ಇದ್ದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಬರಿಗೈಯಲ್ಲಿ ಅತ್ತಿತ್ತ ಕಣ್ಣಾಡಿಸುತ್ತ, ಕಂಡಕಂಡವರ ಬಾಗಿಲ ಮುಂದೆ ನಿಂತು ನಿಂತು ಮುಂದೆ ಹೋಗುವವರು ಮೂರೇ ಬಗೆ: ಜನಗಣತಿಯವರು, ಸಾಲ ವಸೂಲಿಯವರು, ಕನ್ಯಾ ನೋಡಲು ಬಂದವರು. ನಾವು ಸಂಸಾರ ಸಮೇತ ಹೋಗಿದ್ದರಿಂದ ಮೊದಲೆರಡು ಅನುಮಾನಗಳಿಂದ ಪಾರಾದೆವು.

ಹೋದದ್ದು ಸುರಪುರದ ಮಗ್ಗುಲಿನ ವಾಗಣಗೇರಾಕ್ಕೆ. ಕಲಬುರಗಿಯವರಾದ ನಮಗೆ ಗುಡ್ಡ ಹತ್ತುವ ರೂಢಿಯಿಲ್ಲ. ಕಣ್ಣು ಹಾಯುವಷ್ಟು ದೂರ ಎರೆಹೊಲ, ಅದರ ತುಂಬ ತೊಗರಿ; ರೈಲ್ವೆ ಓವರ್‌ಬ್ರಿಜ್ಜು ಏರಿದರೆ ಅದೇ ನಮಗೆ ದೊಡ್ಡ ಎತ್ತರ. ಕಟ್ಟಿಸಂಗಾವಿಯ ಸೇತುವೆಯ ಮೇಲೆ ಭೀಮಾ ನದಿ ದಾಟಿ ಜೇವರ್ಗಿ ಮುಟ್ಟಿದರೂ ನೆಲ ಅಂಗೈಯಗಲ ಮೇಲೇಳುವುದಿಲ್ಲ. ಶಹಾಪುರಕ್ಕೆ ಬಂದಾಗ ಮಾತ್ರ ಗುಡ್ಡದ ಸಾಲೇ ಅಂಗಾತ ಮಲಗಿದ ಬುದ್ಧನಾಗಿ ಕಾಣಿಸಿಕೊಳ್ಳುತ್ತದೆ. ಮೂಗು ಯಾವುದು, ಹಣೆ ಯಾವುದು ಎಂದು ಮಕ್ಕಳು ಜಗಳ ಮುಗಿಸುವಷ್ಟರಲ್ಲಿ ಸುರಪುರದ ಬಂಡೆಗಳು ಶುರು. ಆ ಬಂಡೆಗಳನ್ನು ನೋಡಿದರೆ ಯಾರೋ ಎತ್ತಿ ಇಟ್ಟಂತಿವೆ. ಇಟ್ಟವರು ಸರಿಯಾಗಿ ಇಡಲಿಲ್ಲ ಎಂದೂ ಅನ್ನಿಸುತ್ತದೆ.

"ಈಜಿ ವಾಕ್ ಅದ, ಅವ್ವನೂ ಬರಬಹುದು" ಎಂದು ನಮ್ಮನೆಯವರು ಎರಡು ದಿನ ಮೊದಲೇ ಸಾರಿದ್ದರು. ಎಳ್ಳಮಾಸಿ ಆಗಿ ಹೋಗಿತ್ತು, ಬಿಸಿಲು ಇನ್ನೂ ಹಲ್ಲು ತೋರಿಸಿರಲಿಲ್ಲ. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಡಬ್ಬಿಯಲ್ಲಿ ಗಟ್ಟಿ ಮೊಸರು ಕಟ್ಟಿಕೊಂಡು ಹೊರಟೆವು. ಆದರೆ ಮನೆಮಂದಿಯ ನಡಿಗೆಗೆ ಒಂದು ವೇಗ ಎಂಬುದೇ ಇರುವುದಿಲ್ಲ. ಗಂಡ ಇತಿಹಾಸದ ಹಿಂದೆ, ಮಗ ಆಡಿನ ಮರಿಯ ಹಿಂದೆ, ಮಗಳು ಮೊಬೈಲಿನ ಸಿಗ್ನಲ್ಲಿನ ಹಿಂದೆ. ಅತ್ತೆ ಮಾತ್ರ ಯಾರ ಹಿಂದೆಯೂ ಹೋಗಲಿಲ್ಲ. ಊರ ಬಾಯಲ್ಲಿದ್ದ ಕಟ್ಟೆಯ ಹತ್ತಿರ ಸುಮ್ಮನೆ ನಿಂತರು. ಅಲ್ಲಿಗೆ ನಮ್ಮ ವಾಕಿಂಗೂ ನಿಂತಿತು.

ಕಟ್ಟೆಯ ಮೇಲೆ ರುಮಾಲಿನ ಮುತ್ಯಾಗಳು ಕೂತಿದ್ದರು. ಯಾವ ಟೋಲ್ ಗೇಟಿಗೂ ಆ ಕಟ್ಟೆಯ ಖದರು ಇಲ್ಲ.

"ಯಾರ ಮನಿಗೆ ಬಂದೀರಿ?"

"ಯಾರ ಮನಿಗೂ ಇಲ್ರಿ ಮುತ್ಯಾ. ಸುಮ್ನ ಊರು ನೋಡ್ಲಾಕ ಬಂದೀವಿ" ಅಂದರು ನಮ್ಮವರು.

"ಊರಾಗ ಏನದ ನೋಡ್ಲಾಕ?"

ನಮ್ಮವರು ಕೋಟೆ, ಪರಂಪರೆ, ಹಳೇ ಮನೆಗಳು ಎಂದು ಏನೇನೋ ಹೇಳಿದರು. ಮುತ್ಯಾ ಎಲ್ಲವನ್ನೂ ಕೇಳಿಸಿಕೊಂಡು, ಪಕ್ಕದವನ ಕಡೆ ತಿರುಗಿ, "ಕನ್ಯಾ ನೋಡ್ಲಾಕ ಬಂದಾರ. ಹೇಳ್ಲಾಕ ನಾಚಿಕಿ" ಎಂದು ತೀರ್ಪು ಕೊಟ್ಟ. ಏಳನೇ ಕ್ಲಾಸಿನ ನನ್ನ ಮಗ ಅಕ್ಕನ ಹಿಂದೆ ಅಡಗಿಕೊಂಡ.

ಆಗ ಅತ್ತೆ ಮುಂದೆ ಬಂದರು. "ಅಣ್ಣಾರ, ನಿಮ್ಮ ಸೊಸ್ತೇರ ತವರು ಯಾವೂರ್ರಿ?" ಅಷ್ಟೇ ಕೇಳಿದ್ದು. ಒಬ್ಬಾಕೆಯದು ಯಡ್ರಾಮಿ ಎಂದು ಗೊತ್ತಾಯಿತು. ಅತ್ತೆಯ ಚಿಕ್ಕಮ್ಮನನ್ನು ಕೊಟ್ಟಿದ್ದೂ ಯಡ್ರಾಮಿಗೇ. ಯಾವ ಓಣಿ, ಯಾವ ಮನೆತನ, ಅವರ ಅಡ್ಡಹೆಸರೇನು, ಅವರ ದೊಡ್ಡ ಮಗಳನ್ನು ಎಲ್ಲಿಗೆ ಕೊಟ್ಟರು, ಆಕೆಯ ಗಂಡ ನೌಕರಿ ಬಿಟ್ಟದ್ದು ನಿಜವೇ? ಚಹಾ ಬರುವುದರೊಳಗೆ ಮುತ್ಯಾ, "ಹಂಗಾದ್ರ ನಮ್ಮವ್ರೇ ಆದ್ರಿ" ಎಂದು ಎದ್ದು ನಿಂತ. ಇಷ್ಟು ಹೊತ್ತು ಊರು ನೋಡಲು ಅನುಮತಿ ಸಿಗದ ನಮಗೆ ಮನೆಯ ಒಳಗೇ ಕರೆ ಬಂತು.

ಹೊರಗಿನಿಂದ ನೋಡಿದರೆ ಇಂಥ ಮನೆಗಳಲ್ಲಿ ಗೋಡೆಯಷ್ಟೇ ಕಾಣುತ್ತದೆ. ಮಾರುದ್ದ ದಪ್ಪದ ಕಲ್ಲುಮಣ್ಣಿನ ಗೋಡೆ, ತಲೆ ಬಗ್ಗಿಸದೆ ಒಳಗೆ ಬಿಡದ ಬಾಗಿಲು. ಒಳಗೆ ಹೋದರೆ ಎಡಕ್ಕೆ ದನ, ಬಲಕ್ಕೆ ಮೆಟ್ಟಿಲು ಏರಿ ಮಂದಿ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಮಣ್ಣು. ನಡುವೆ ಬೆಳಕಿಂಡಿಯಿಂದ ಇಳಿದ ಬಿಸಿಲಿನ ತುಂಡೊಂದು ಹೊತ್ತು ಏರಿದಂತೆ ನೆಲದ ಮೇಲೆ ಸರಿಯುತ್ತ ಹೋಗುತ್ತದೆ. ಪಡಸಾಲೆಯ ಫರಸಿಯ ಮೇಲೆ ಒಂದು ಮೂಲೆಯಲ್ಲಿ ಫ್ರಿಜ್ ನಿಂತಿತ್ತು. ಗೋಡೆಗೆ ಅಂಟದೆ, ಒಂದು ಹೆಜ್ಜೆ ಮುಂದೆ ಬಂದು ಯಾಕೆ ನಿಂತಿದೆ ಎಂದು ಅತ್ತೆಯ ಕಣ್ಣು ಅಲ್ಲಿಗೇ ಹೋಯಿತು.

"ಹಗೇವು ಅದ ಏನವ್ವಾ ತೆಳಗ?"

"ಹೌದ್ರಿ ಅತ್ತಿ. ಹುಡುಗ್ರು ಬಿದ್ದಾವಂತ ಮ್ಯಾಲ ಫ್ರಿಜ್ ಇಟ್ಟೀವಿ" ಎಂದಳು ಯಡ್ರಾಮಿಯ ಸೊಸೆ. ಆಗಲೇ ನನ್ನತ್ತೆ ಅವಳಿಗೂ ಅತ್ತೆಯಾಗಿದ್ದರು.

ಹಗೇವು ನೋಡದ ಮಕ್ಕಳಿಗೆ ಅದನ್ನು ವಿವರಿಸುವುದು ಕಷ್ಟ. ನೆಲದೊಳಗೆ ಕಾಳು ತುಂಬಿಡುವ ಗುಂಡಿ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು. ಒಳಗೆ ಇಳಿಯುತ್ತ ಹೋದಂತೆ ಹೊಟ್ಟೆ ಅಗಲ. ಗೋಡೆಗೂ ತಳಕ್ಕೂ ಒಣಹುಲ್ಲು, ಕಣಿಕೆ ಹಾಸಿ, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಚಿಂತೆಯಿಲ್ಲ. ಒಳಗಿನ ಕಾಳು ತಾನೇ ಉಸಿರಾಡಿ ಇದ್ದಬದ್ದ ಪ್ರಾಣವಾಯುವನ್ನು ತೀರಿಸಿಬಿಡುತ್ತದೆ, ಹುಳು ಬದುಕುವುದಿಲ್ಲ. ಮನುಷ್ಯನಿಗೂ ಅದೇ ಕಾಯಿದೆ. ಬಾಯಿ ತೆರೆದ ಕೂಡಲೇ ಇಳಿದವರು ಹೆಣವಾದ ಕಥೆ ನಮ್ಮ ಕಡೆ ಎಷ್ಟೋ ಊರಲ್ಲಿದೆ. ಅದಕ್ಕೇ ಮೊದಲು ತೆರೆದು ಗಾಳಿಯಾಡಲು ಬಿಡುವುದು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುವುದು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಹಗೇವಿನ ಜೋಳದ ರೊಟ್ಟಿಗೆ ಒಂದು ಮುಗ್ಗು ವಾಸನೆ ಇರುತ್ತದೆ. ನನಗೆ ಅದು ಸೇರುವುದಿಲ್ಲ; ಅತ್ತೆಯಂತೂ ಈಗಿನ ಜೋಳಕ್ಕೆ ವಾಸನೆಯೇ ಇಲ್ಲವೆಂದು ದೂರುತ್ತಾರೆ. ಮಗಳು ಫ್ರಿಜ್ಜಿನ ಕೆಳಗೆ ಬಗ್ಗಿ ನೋಡಿ, "ಅಂದ್ರ ಫ್ರಿಜ್ ಮ್ಯಾಲ ಫ್ರಿಜ್" ಎಂದಳು. ಆ ದಿನ ಅವಳು ಮೊಬೈಲಿನಿಂದ ಕಣ್ಣೆತ್ತಿ ಆಡಿದ ಮೊದಲ ಮಾತು.

ಪಕ್ಕದಲ್ಲೇ ಇನ್ನೊಬ್ಬರು ಹಳೇ ಗೋಡೆ ಕೆಡವಿ ಸ್ಲ್ಯಾಬ್ ಹಾಕಿಸುತ್ತಿದ್ದರು. ನಮ್ಮವರು ನಿಟ್ಟುಸಿರು ಬಿಟ್ಟರು. ನನಗೆ ಬರಲಿಲ್ಲ. ಮಳೆಗಾಲಕ್ಕೆ ಮೊದಲು ಮಾಳಿಗೆಯ ಮೇಲೆ ಮಣ್ಣು ಹೊತ್ತು ಹಾಕುವವರು ಯಾರು, ಸೋರುವಲ್ಲಿ ರಾತ್ರಿಯೆಲ್ಲ ಬೋಗುಣಿ ಇಡುವವರು ಯಾರು? ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಕೂತು ಮಣ್ಣಿನ ಮನೆ ಉಳಿಸಿರಿ ಎನ್ನುವವರು ಒಂದು ಆಷಾಢ ಅಲ್ಲಿ ಕಳೆದು ಆಮೇಲೆ ಮಾತಾಡಲಿ.

ಮುತ್ಯಾನ ಮೊಮ್ಮಗನನ್ನು ಜೊತೆಗೆ ಕಳಿಸಿದರು. ಕೋಟೆಯ ಕಡೆ ಏರುವ ದಾರಿಯಲ್ಲಿ ನಮ್ಮವರ ಪಾಠ ಸುರುವಾಯಿತು, ಮತ್ತು ಒಪ್ಪಿಕೊಳ್ಳಬೇಕು, ಕಥೆ ಪಾಠಕ್ಕಿಂತ ಚೆನ್ನಾಗಿತ್ತು. 1705ರ ಫೆಬ್ರುವರಿಯಲ್ಲಿ ಔರಂಗಜೇಬ್ ಬಾದಶಹ ತಾನೇ ದಂಡು ಕಟ್ಟಿಕೊಂಡು ಈ ಗುಡ್ಡಕ್ಕೆ ಬಂದ. ಆಗ ಅವನಿಗೆ 86 ವರ್ಷ. ಒಳಗಿದ್ದವರು ಬೇಡರು, ಅವರ ದೊರೆ ಪಿಡ್ಡನಾಯಕ. ಬಾದಶಹನ ತೋಪುಗಳಿಗೆ ಈ ಬಂಡೆಗಳು ಜಪ್ಪಯ್ಯ ಎನ್ನಲಿಲ್ಲ. ಬೇಡರಿಗೆ ಮರಾಠರ ಕುಮ್ಮಕ್ಕೂ ಬಂತು. ಮುತ್ತಿಗೆ ಏಪ್ರಿಲ್ ಕೊನೆಯವರೆಗೆ ಎಳೆಯಿತು. ಏಪ್ರಿಲ್ ಅಂದರೆ ಏನು ಅಂತ ನಮಗೆ ಗೊತ್ತು. ಕಾದ ಬಂಡೆಯ ನಡುವೆ ಡೇರೆಯಲ್ಲಿ 86ರ ಮುದುಕ! ಕೊನೆಗೆ ಮೊಗಲರು ಒಳನುಗ್ಗಿದಾಗ ಪಿಡ್ಡನಾಯಕ ತನ್ನವರನ್ನು ಕಟ್ಟಿಕೊಂಡು ಜಾರಿಹೋಗಿದ್ದ. ಬಾದಶಹನಿಗೆ ಸಿಕ್ಕಿದ್ದು ಖಾಲಿ ಕೋಟೆ. ಮುಂದೆ ದೇವಾಪುರದಲ್ಲಿ ಬೀಡುಬಿಟ್ಟವನು ಅಲ್ಲೇ ಕಾಯಿಲೆ ಬಿದ್ದ. ಅವನು ನಿಂತು ನಡೆಸಿದ ಕೊನೆಯ ಮುತ್ತಿಗೆ ಇದೇ. 1707ರಲ್ಲಿ ಅಹಮದ್‌ನಗರದಲ್ಲಿ ತೀರಿಕೊಂಡ.

ನಮ್ಮ ಕಟ್ಟೆಯ ಮುತ್ಯಾನ ಪ್ರಶ್ನೆಯನ್ನೇ ಬೇಡರು ಅವನಿಗೂ ಕೇಳಿದ್ದರು, ತುಪಾಕಿ ಹಿಡಿದು. ಅವನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ.

"ಅಷ್ಟು ವಯಸ್ಸಾದ ಮ್ಯಾಲ ಮೊಮ್ಮಕ್ಕಳನ್ನ ಆಡಿಸ್ಕೋತ ಕುಂದ್ರೂದು ಬಿಟ್ಟು, ಮಂದಿ ಊರಾಗ ಏನಿತ್ತು ಅವಂಗ?" ಎಂದು ಅತ್ತೆ ಒಂದು ಬಂಡೆಯ ಮೇಲೆ ಕೂತು ಕೇಳಿದರು. ಇತಿಹಾಸದ ಪುಸ್ತಕಗಳು ಇದೇ ಪ್ರಶ್ನೆಗೆ ಪುಟಗಟ್ಟಲೆ ಬರೆಯುತ್ತವೆ. ಬಿದ್ದ ಗೋಡೆಯ ನೆರಳಿನಲ್ಲಿ ರೊಟ್ಟಿ ಬಿಚ್ಚಿದೆವು. ಮೇಲಿನ ತುದಿಯವರೆಗೆ ಗಂಡ ಮತ್ತು ಆ ಹುಡುಗ ಮಾತ್ರ ಹೋಗಿ ಬಂದರು.

ಮಧ್ಯಾಹ್ನ ಸುರಪುರ. ವಾಗಣಗೇರಾ ಬಿಟ್ಟ ಮೇಲೆ ನಾಯಕರು ರಾಜಧಾನಿ ಮಾಡಿಕೊಂಡ ಊರು ಇದು. ಇಲ್ಲಿ ಓಣಿಗಳೇ ಗುಡ್ಡ ಹತ್ತುತ್ತವೆ. ವೇಣುಗೋಪಾಲಸ್ವಾಮಿ ಗುಡಿಯಲ್ಲಿ ಕೈಮುಗಿದು, ಟೇಲರ್ ಮಂಜಿಲ್ ಕಡೆ ನಡೆದೆವು. ನಿಜಾಮನ ಸೈನ್ಯದಲ್ಲಿದ್ದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ 1841ರಲ್ಲಿ ಇಲ್ಲಿಗೆ ಬಂದು, 1853ರವರೆಗೆ ಆಡಳಿತ ನೋಡಿಕೊಂಡ. ಅವನೂ ಕರೆಯದೆ ಬಂದವನೇ. ಆದರೆ ಬಂದವನು ಮನೆ ಕಟ್ಟಿದ, ಜನರ ಮಾತು ಕಲಿತ. ಅವನ ಕಣ್ಣೆದುರೇ ಬೆಳೆದ ಬಾಲಕ ರಾಜ ವೆಂಕಟಪ್ಪನಾಯಕ ಅವನನ್ನು 'ಅಪ್ಪ' ಎಂದೇ ಕರೆಯುತ್ತಿದ್ದ. ಮುಂದೆ ಅದೇ ರಾಜ ಬ್ರಿಟಿಷರ ಮೇಲೆ ಎದ್ದ. 1858ರಲ್ಲಿ ಸೆರೆಸಿಕ್ಕ. ಸೆರೆಯಲ್ಲಿ ಟೇಲರ್ ಅವನನ್ನು ಹೋಗಿ ಕಂಡ. ಮರಣದಂಡನೆ ತಪ್ಪಿ ಸೆರೆವಾಸವಾಯಿತಾದರೂ, ಕರೆದೊಯ್ಯುವ ದಾರಿಯಲ್ಲೇ ಪಿಸ್ತೂಲಿನ ಗುಂಡಿಗೆ ರಾಜನ ಜೀವ ಹೋಯಿತು.

ಗಾಡಿಯಲ್ಲಿ ಕೂತು ಇದನ್ನೆಲ್ಲ ಕೇಳಿದ ಅತ್ತೆ ಸ್ವಲ್ಪ ದೂರ ಸುಮ್ಮನಿದ್ದರು. ಆಮೇಲೆ, "ಅಪ್ಪ ಅನಿಸ್ಕೊಂಡ ಮ್ಯಾಲ ಬಿಡಿಸ್ಕೊಂಡು ಬರಬೇಕಿತ್ತು" ಅಂದರು.

"ಅವ್ವಾ, ಅದು ಸರಕಾರದ ವ್ಯವಹಾರ. ಅವನೂ ಒಬ್ಬ ನೌಕರ. ಅವನ ಕೈಯಾಗ ಏನಿತ್ತು?"

"ಬರೇ ನೋಡ್ಲಾಕ ಹೋಗಿದ್ನೇನು ಮತ್ತ?"

ನಮ್ಮವರು ರೆಸಿಡೆಂಟ್, ಗವರ್ನರ್ ಜನರಲ್ ಎಂದು ಮೇಲಿನಿಂದ ಕೆಳಗಿನವರೆಗೆ ಅಧಿಕಾರಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಒಬ್ಬನ ಮೇಲೂ ಅತ್ತೆಗೆ ಭರವಸೆ ಹುಟ್ಟಲಿಲ್ಲ. ಜೇವರ್ಗಿ ಹಿಂದೆ ಬಿದ್ದರೂ ಟೇಲರ್ ಸಾಹೇಬನಿಗೆ ಬಿಡುಗಡೆ ಸಿಕ್ಕಿರಲಿಲ್ಲ.