‘ಏನೂ ಆಗಂಗಿಲ್ರಿ’ ಅಂದರೆ ಈಗ ನನಗೆ ಭಯ

ಕಳೆದ ತಿಂಗಳು ಮುಂಬೈಯ ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯವನೊಬ್ಬ ನನಗೆ ವೋಲ್ಟ್ ಇಳಿಸೋ ಟ್ರಾನ್ಸ್‌ಫಾರ್ಮರ್ ಕೊಡಲಿಲ್ಲ. ದುಡ್ಡು ಕೈಯಲ್ಲೇ ಇತ್ತು. "ಮೊದಲು ಆಂಪ್ಲಿಫೈಯರಿನ ಹಿಂಬದಿ ಫೋಟೋ ತನ್ನಿ" ಅಂತ ಹೇಳಿ ಕಳಿಸಿಬಿಟ್ಟ. ಲೋಕಲ್ ಹತ್ತುವಾಗ ಸಿಟ್ಟು ಬಂದಿತ್ತು. ಡೊಂಬಿವಲಿ ಬರುವಷ್ಟರಲ್ಲಿ ಅವನ ಮೇಲೆ ಗೌರವ ಹುಟ್ಟಿತ್ತು.

ದನಿ ದೊಡ್ಡದು ಮಾಡೋ ಆಂಪ್ಲಿಫೈಯರು, ಹಾಡಿನ ಪ್ಲೇಟು ತಿರುಗಿಸೋ ಟರ್ನ್‌ಟೇಬಲ್ಲು ಎರಡನ್ನೂ ಭಾವ ಒಸಾಕಾದಿಂದ ತಂದದ್ದು. ಜಪಾನಿನ ಮನೆಗಳಲ್ಲಿ ಕರೆಂಟು 100 ವೋಲ್ಟ್, ನಮ್ಮಲ್ಲಿ 230. ದೀಪಾವಳಿಗೆ ಧಾರವಾಡಕ್ಕೆ ಹೋದಾಗ ಅಲ್ಲೇ ಒಂದು ಟ್ರಾನ್ಸ್‌ಫಾರ್ಮರ್ ಕೊಂಡಿದ್ದೆ. ಮೇಲೆ 110 ಅಂತ ಬರೆದಿತ್ತು. ನನಗೆ 100 ಬೇಕಲ್ಲಾ ಅಂದೆ. "ಹತ್ತು ವೋಲ್ಟಿಗೆ ಏನೂ ಆಗಂಗಿಲ್ರಿ, ಒಯ್ಯಿರಿ" ಅಂದ ಅಂಗಡಿಯವ. ನಂಬಿ ತಂದೆ. ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ರಾತ್ರಿ ಹೊತ್ತು ವೋಲ್ಟ್ 245 ತನಕ ಏರುತ್ತೆ. ಆಗ ಆ 110 ಹೋಗಿ 117 ಆಗುತ್ತೆ. ಒಂದು ಸಂಜೆ ಆಂಪ್ಲಿಫೈಯರಿನ ಮುಚ್ಚಳದ ಮೇಲೆ ಕೈ ಇಡಲಾಗದಷ್ಟು ಬಿಸಿ. ಫ್ಯೂಸ್ ಹೋಯಿತು.

ಫೋಟೋ ನೋಡಿದ ಮೇಲೆ ಮುಂಬೈಯವನ ಪ್ರಶ್ನೆ ಶುರುವಾಯಿತು. ಹಿಂದೆ 180 ವಾಟ್ ಅಂತಿದೆ, ಹಾಗಾದರೆ ಟ್ರಾನ್ಸ್‌ಫಾರ್ಮರಿನ ತಾಕತ್ತು 300 ವಿಎಗೆ (ವೋಲ್ಟ್-ಆಂಪಿಯರ್) ಕಮ್ಮಿ ಬೇಡ. ನಿಮ್ಮ ಹತ್ತಿರ ಇರೋದು ಆಟೋ ಟ್ರಾನ್ಸ್‌ಫಾರ್ಮರೋ, ಎರಡು ಸುತ್ತಿನದೋ? ಆಟೋದಲ್ಲಿ ಒಂದೇ ತಂತಿ ಸುತ್ತು, ಗೋಡೆಯ ಕರೆಂಟಿಗೂ ಯಂತ್ರಕ್ಕೂ ನೇರ ನಂಟು. ಹಳೇ ಕಬ್ಬಿಣದ ಮೈ ಇರೋ ಯಂತ್ರಕ್ಕೆ ಅದು ಬೇಡ ಅಂದ. 100 ವೋಲ್ಟಿನದನ್ನು ಬೇರೆಯಾಗಿ ಸುತ್ತಿಸಿಕೊಡ್ತೀನಿ, ಎಂಟು ದಿನ ಕಾಯಿರಿ. ಟರ್ನ್‌ಟೇಬಲಿಗಂತೂ ಏನನ್ನೂ ಮಾರಲಿಲ್ಲ. ಟ್ರಾನ್ಸ್‌ಫಾರ್ಮರ್ ವೋಲ್ಟ್ ಇಳಿಸುತ್ತೆ, ಹರ್ಟ್ಸ್, ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆಮುಂದೆ ಆಗುತ್ತೋ ಅದನ್ನು, ಬದಲಿಸಲ್ಲ. ಒಸಾಕಾದಲ್ಲಿ 60 ಹರ್ಟ್ಸ್, ಇಲ್ಲಿ 50. ನನ್ನದು ಸಿಂಕ್ರೊನಸ್ ಮೋಟರ್, ಹರ್ಟ್ಸಿಗೆ ತಕ್ಕ ವೇಗದಲ್ಲೇ ತಿರುಗೋದು. ನಿಮಿಷಕ್ಕೆ 33 ಚಿಲ್ಲರೆ ಸುತ್ತು ತಿರುಗಬೇಕಾದ ಪ್ಲೇಟು 28ಕ್ಕೂ ಕಮ್ಮಿ ತಿರುಗುತ್ತೆ. ಹಾರ್ಮೋನಿಯಂ ಲೆಕ್ಕದಲ್ಲಿ ಕಪ್ಪು ಒಂದರ ಷಡ್ಜ ಕೆಳಗಿನ ಕಪ್ಪು ಐದಕ್ಕೆ ಇಳಿಯುತ್ತೆ. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ದನಿ ಯಾಕೆ ಇಷ್ಟು ಭಾರ ಅಂತ ಅಷ್ಟು ದಿನ ತಲೆ ಕೆಡಿಸಿಕೊಂಡಿದ್ದೆ! "50 ಹರ್ಟ್ಸಿನ ಪುಲ್ಲಿ (ಮೋಟರಿನ ಗಾಲಿ) ಹುಡುಕಿ" ಅಂದ, ಅಷ್ಟೇ.

ನಮ್ಮೂರು ಧಾರವಾಡದಲ್ಲಿ ಯಾಕೆ ಹೀಗೆ ಕೇಳಲ್ಲ? ಗಿರಾಕಿಗೆ ಇಲ್ಲ ಅನ್ನೋದು ನಮಗೆ ಒರಟುತನ. ಪ್ರಶ್ನೆ ಕೇಳಿದರೆ ಅವಮಾನ ಮಾಡಿದ ಹಾಗೆ. ಈ ಮುಲಾಜಿನಿಂದಲೇ ಎಷ್ಟು ಮನೆಗಳಲ್ಲಿ ಮಿಕ್ಸರ್, ಟಿವಿ ಸುಟ್ಟಿಲ್ಲ? ಮುಂಬೈಯಲ್ಲಿ ‘ಇಲ್ಲ’ ಅನ್ನೋದೇ ಉಪಕಾರ. ಇಪ್ಪತ್ತು ವರ್ಷ ಇಲ್ಲಿದ್ದು ಇದನ್ನು ಈಗ ಕಲಿತೆ.

ಆದರೂ ಒಂದು ಮಾತು ಹೇಳಲೇಬೇಕು. ಮುಂಬೈಯವನು ಎಲ್ಲಾ ಕೇಳಿದ, ನಾನು ಯಾರ ಹಾಡು ಕೇಳ್ತೀನಿ ಅಂತ ಮಾತ್ರ ಕೇಳಲಿಲ್ಲ. ಧಾರವಾಡದವನು ಮೊದಲು ಕೇಳಿದ್ದೇ "ಯಾರ ಪ್ಲೇಟ್ ಅದಾವ್ರಿ?" ಅಂತ. ಮಲ್ಲಿಕಾರ್ಜುನ ಮನ್ಸೂರರದು ಅಂದೆ. ಸ್ಟೂಲು ಎಳೆದು ಕೂರಿಸಿದ, ಚಹಾ ತರಿಸಿದ, ಅರ್ಧ ಗಂಟೆ ಅಂಗಡಿ ಮರೆತ.

ಮೊನ್ನೆ ಅವನಿಗೆ ಫೋನ್ ಮಾಡಿ ಫ್ಯೂಸಿನ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ತಪ್ಪಾತ್ರಿ. ಪ್ಲೇಟ್ ಈಗ ಹೆಂಗ ಕೇಳಸ್ತದ?" ಅಂದ. ಪುಲ್ಲಿ ಇನ್ನೂ ಸಿಕ್ಕಿಲ್ಲ, ಸಿಕ್ಕ ದಿನ ಫೋನಿನಲ್ಲೇ ಕೇಳಿಸ್ತೀನಿ ಅಂದೆ.