ಒಬ್ಬ ಎದ್ದು ಹೋದ ಮೇಲೆ

"ಕಾಕಾ, ಇಲ್ಲಿ ಜೈನ್ ಇದ್ದಿದ್ರ ಎತ್ತಿ ಹಾಡ್ತಿದ್ದ ನೋಡ್ರಿ," ಅಂದಳು ಅಣ್ಣನ ಮಗಳು. ನನಗೆ ಕೇಳಿಸುತ್ತಿದ್ದದ್ದು ನಾಲ್ಕು ಹುಡುಗರ ಹಾಡು. ಅವಳಿಗೆ ಕೇಳಿಸುತ್ತಿದ್ದದ್ದು ಅಲ್ಲಿ ಇಲ್ಲದ ಐದನೆಯವನು.

ಇದು 2015ರ ಮಾತು. ಆಗ ಅವಳು ಪಿಯುಸಿ. ಒನ್ ಡೈರೆಕ್ಷನ್ ಅಂದರೆ ಪ್ರಾಣ. 2010ರಲ್ಲಿ ಬ್ರಿಟನ್ನಿನ ಒಂದು ಟಿವಿ ಸ್ಪರ್ಧೆಗೆ ಬೇರೆ ಬೇರೆಯಾಗಿ ಬಂದಿದ್ದ ಐದು ಹುಡುಗರನ್ನು ಕೂಡಿಸಿ ಮಾಡಿದ ತಂಡ ಅದು. 2015ರ ಮಾರ್ಚ್ 25ಕ್ಕೆ ಜೈನ್ ಮಲಿಕ್ ಅದನ್ನು ಬಿಟ್ಟ. 22 ವರ್ಷದ ಹುಡುಗರೆಲ್ಲ ಇರುವ ಹಾಗೆ ತಾನೂ ಆರಾಮಾಗಿ ಇರಬೇಕು ಅಂದನಂತೆ. ಕಲಬುರಗಿಯ ನಮ್ಮ ಮನೆಯಲ್ಲಿ ಅವತ್ತು ರಾತ್ರಿ ಒಬ್ಬಳು ರೊಟ್ಟಿ ಮುಟ್ಟಲಿಲ್ಲ. ಮಜಾ ಅಂದರೆ, ಅವನು ತಂಡದಲ್ಲಿದ್ದಾಗ ಇವಳ ಮೆಚ್ಚಿನವರ ಸಾಲಿನಲ್ಲಿ ಅವನದು ನಾಲ್ಕನೇ ಜಾಗ. ಬಿಟ್ಟುಹೋದ ದಿನವೇ ಮೊದಲನೆಯವನಾದ.

ಉಳಿದ ನಾಲ್ವರ ಆಲ್ಬಂ ‘ಮೇಡ್ ಇನ್ ದ ಎ.ಎಂ.’ ನವೆಂಬರ್ 13ಕ್ಕೆ ಬಂತು. ಅದೇ ದಿನ ಪಾಪ್ ಹಾಡುಗಾರ ಜಸ್ಟಿನ್ ಬೀಬರನದೂ ಬಂತು. ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಈ ಹುಡುಗರು ಮೊದಲು, ಬೀಬರ್ ಎರಡನೆಯವನು. ಅಮೆರಿಕದಲ್ಲಿ ಉಲ್ಟಾ. ಇವರ ಹಿಂದಿನ ನಾಲ್ಕೂ ಆಲ್ಬಂ ಅಲ್ಲಿ ಬಂದ ವಾರವೇ ಮೊದಲ ಸ್ಥಾನ ಹಿಡಿದಿದ್ದವು.

"ಅವ ಇಲ್ದಕ್ಕೇ ಹಿಂಗಾತು," ಅಂದಳು.

"ಬ್ರಿಟನ್ನಿನ್ಯಾಗ ಅವ ಇದ್ದನೇನು?" ಅಂದೆ.

ಉತ್ತರ ಬರಲಿಲ್ಲ. ಅವಳ ಗೆಳತಿಯ ವಾದವೇ ಬೇರೆ. ಐದು ಆಲ್ಬಮ್ಮಿನಲ್ಲಿ ಇದೇ ಚಲೋ, ಈಗ ಒಬ್ಬೊಬ್ಬರ ದನಿಯೂ ಬಿಡಿಬಿಡಿಯಾಗಿ ಕೇಳಸ್ತದ ಅಂತ ಅವಳು. ನಮ್ಮೂರಿನ ಸೂಪರ್ ಮಾರ್ಕೆಟ್ ಬಜಾರಿನಲ್ಲಿ ಮಿರ್ಚಿ ಭಜಿ ತಿನ್ನುತ್ತ ಇಬ್ಬರೂ ಜಗಳಕ್ಕೆ ನಿಂತರೆ ಭಜಿ ಆರಿಹೋಗುತ್ತಿತ್ತು, ಮಾತು ಆರುತ್ತಿರಲಿಲ್ಲ.

ನನಗೊಂದು ಪರೀಕ್ಷೆ ಹೊಳೆಯಿತು. ತೊಗರಿ ಬೇಳೆ ಹಸನು ಮಾಡುತ್ತ ಕೂತಿದ್ದ ಅವ್ವನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದೆ. ಎಷ್ಟು ಮಂದಿ ಹಾಡ್ಲತಾರ ಹೇಳು ಅಂದೆ. ಅವ್ವ ಕಣ್ಣು ಮುಚ್ಚಿ ಬೆರಳು ಮಡಚುತ್ತ ಹೋದಳು. "ಆರು," ಅಂದಳು. ನಗಬೇಡಿ. ಸ್ಟುಡಿಯೋದಲ್ಲಿ ಒಂದೇ ದನಿಯನ್ನು ಎರಡು ಮೂರು ಸಲ ಹಾಡಿಸಿ ಒಂದರ ಮೇಲೊಂದು ಕೂಡಿಸುವುದುಂಟು. ಅವ್ವನ ಲೆಕ್ಕ ಪೂರಾ ತಪ್ಪಲ್ಲ. ಅವಳಿಗೆ ಯಾರೂ ಸುದ್ದಿ ಹೇಳಿರಲಿಲ್ಲ, ಅಷ್ಟೇ. ಜೈನ್ ಮೇಲಿನ ಸ್ವರಕ್ಕೆ ಹೋಗುವ ಚಂದವೇ ಬೇರೆ, ಅದು ಖರೆ. ಆದರೂ ನಮ್ಮ ಹುಡುಗಿಗೆ ಕೇಳಿಸಿದ ಖಾಲಿಯಲ್ಲಿ ಕಿವಿಯದೆಷ್ಟು, ಸುದ್ದಿಯದೆಷ್ಟು ಅಂತ ನನಗೆ ಅನುಮಾನ.

ಸರಿಯಾಗಿ ಒಂದು ವರ್ಷಕ್ಕೆ, 2016ರ ಮಾರ್ಚ್ 25ಕ್ಕೆ, ಜೈನ್ ತನ್ನದೇ ಆಲ್ಬಂ ತಂದ. ಎರಡೂ ದೇಶದಲ್ಲಿ ಮೊದಲ ಸ್ಥಾನ. ಅವನ ತಂದೆಯ ಕಡೆಯವರು ಪಾಕಿಸ್ತಾನ ಮೂಲದವರು. ಆಲ್ಬಮ್ಮಿನಲ್ಲಿ ಉರ್ದುವಿನದೊಂದು ಚಿಕ್ಕ ಹಾಡೂ ಇದೆ. ಅದನ್ನು ಓಣಿಯ ಟೇಲರ್ ಚಾಚಾಗೆ ಕೇಳಿಸಿದೆವು. ಬಂದೇ ನವಾಜ್ ದರ್ಗಾದ ಉರುಸಿನಲ್ಲಿ ರಾತ್ರಿಯಿಡೀ ಕವ್ವಾಲಿ ಕೇಳಿ ಬೆಳೆದ ಕಿವಿ ಅದು. ಅಂಗಿಯ ಕಾಲರಿನಿಂದ ಕಣ್ಣು ತೆಗೆಯದೆ ಪೂರ್ತಿ ಕೇಳಿದರು. "ಉರ್ದು ಸಾಫ್ ಅದ. ಆದ್ರ ಹಿಂದ ಚಪ್ಪಾಳಿ ಹೊಡಿಯೋರು ಯಾರೂ ಇಲ್ಲಲ್ರೀ," ಅಂದರು. ನಮ್ಮ ಹುಡುಗಿ ಮುಖ ಊದಿಸಿಕೊಂಡು ಬಂದಳು.

ಅವಳನ್ನು ಆಡಿಕೊಂಡ ಪಾಪ ನನಗೆ ಬೇಗ ತಟ್ಟಿತು. ನಮ್ಮ ಓಣಿಯ ಭಜನಿ ಮೇಳದ ಪೇಟಿ ಮಾಸ್ತರು, ಅಂದರೆ ಹಾರ್ಮೋನಿಯಂ ನುಡಿಸುವವರು, ಮಗನ ನೌಕರಿ ಅಂತ ಪುಣೆಗೆ ಹೋದರು. ಅವರಿದ್ದಾಗ ನಾವು ಮಾಡದ ತಕರಾರಿಲ್ಲ. ಪೇಟಿ ಭಾಳ ಜೋರು, ಕಡಕೋಳ ಮಡಿವಾಳಪ್ಪನ ತತ್ವಪದದ ಮಾತೇ ಕೇಳಸಂಗಿಲ್ಲ ಅಂತ ನಾನೇ ಎಷ್ಟು ಸಲ ಗೊಣಗಿದ್ದೆ! ಅವರ ಜಾಗಕ್ಕೆ ಡಿಗ್ರಿ ಓದುವ ಹುಡುಗ ಬಂದು ಕೂತ. ಮೊದಲ ಸೋಮವಾರವೇ ಎಲ್ಲರೂ ತಲೆ ಅಲ್ಲಾಡಿಸಿದೆವು. ಕಳಾ ಹೋತು ಅಂದರು ಒಬ್ಬರು. ಪದದಾಗಿನ ಜೀವಾನೇ ಹೋತು ಅಂದೆ ನಾನು. ಮಾತು ಈಗ ಒಂದೊಂದೂ ಸ್ಪಷ್ಟವಾಗಿ ಕೇಳುತ್ತಿತ್ತು. ಅದನ್ನು ಯಾರೂ ಹೇಳಲಿಲ್ಲ.

ಶ್ರಾವಣಕ್ಕೆ ಮಾಸ್ತರು ಊರಿಗೆ ಬಂದರು. ಮುಂದೆ ಕರೆದರೂ ಬರಲಿಲ್ಲ, ಗೋಡೆಗೆ ಒರಗಿ ಕೂತು ತೊಡೆಯ ಮೇಲೆ ತಾಳ ಹಾಕಿದರು. ಮಂಗಳಾರತಿ ಆದ ಮೇಲೆ ನಾನೇ ಹೋಗಿ, "ನೀವು ಹೋದಮ್ಯಾಲ ಮೊದಲಿನಂಗ ಇಲ್ರೀ ಮಾಸ್ತರ," ಅಂದೆ.

ಅವರು ಗಾಬರಿಯಾಗಿ ಪೇಟಿಯ ಕಡೆ ನೋಡಿದರು.

"ಹೌದ್ರೀ, ತಪ್ಪು ನಂದೇ," ಅಂದರು. "ಪೇಟಿ ಮುಂದಿನ ಮೈಕ್ ನಂದಿತ್ತು. ಸಾಮಾನಿನ ಜೊತಿ ಪುಣೆಕ್ಕ ಒಯ್ದುಬಿಟ್ಟೀನಿ."