ಮರಳು ಕೊಟ್ಟು ಬಚ್ಚಲ ನೀರು ಪಡೆದವರು

ಬೇಸಿಗೆಯಲ್ಲಿ ಬಯಲುಸೀಮೆಯ ಪತ್ರಿಕೆಗಳ ಜಿಲ್ಲಾ ಪುಟ ಓದುವುದೇ ಒಂದು ಮನರಂಜನೆ. ಎಡಗಡೆ ಮರಳು ಬ್ಲಾಕ್‌ಗಳ ಹರಾಜಿನ ಪ್ರಕಟಣೆ, ಬಲಗಡೆ ಕುಡಿಯುವ ನೀರಿನ ಟ್ಯಾಂಕರ್‌ಗಳಿಗೆ ಟೆಂಡರ್. ನಡುವೆ ಜಾಗ ಉಳಿದಿದ್ದರೆ ಸಾಮೂಹಿಕ ವಿವಾಹ. ಎಡಕ್ಕೂ ಬಲಕ್ಕೂ ಏನಾದರೂ ಸಂಬಂಧವಿದ್ದೀತೇ ಎಂದು ಯಾರೂ ತಲೆ ಕೆಡಿಸಿಕೊಂಡಂತಿಲ್ಲ. ಒಂದು ಗಣಿ ಮತ್ತು ಭೂವಿಜ್ಞಾನ ಇಲಾಖೆಯದು, ಇನ್ನೊಂದು ಕುಡಿಯುವ ನೀರಿನವರದು. ಇಲಾಖೆ ಬೇರೆಯಾದ ಮೇಲೆ ಹೊಳೆಯೂ ಬೇರೆಯೇ.

ನಮ್ಮ ಕಡೆಯ ಹೊಳೆಗಳಿಗೆ ಮೊದಲಿನಿಂದಲೂ ಒಂದು ಕೆಟ್ಟ ಅಭ್ಯಾಸವಿತ್ತು. ಪಾಲಾರ್, ಉತ್ತರ ಪಿನಾಕಿನಿ, ಜಯಮಂಗಲಿ, ಯಾವುದನ್ನೇ ನೋಡಿ, ವರ್ಷದ ಬಹುಪಾಲು ಮೇಲೆ ಒಣಮರಳು, ನೀರೆಲ್ಲ ಅಡಿಯಲ್ಲಿ. ಒಂದು ಘನ ಮೀಟರ್ ಮರಳಿನ ಸಂದಿಗಳಲ್ಲಿ 300 ಲೀಟರಿನಷ್ಟು ನೀರನ್ನು ಬಚ್ಚಿಟ್ಟುಕೊಂಡು, ಬಿಸಿಲಿಗೂ ತೋರಿಸದೆ, ದಂಡೆಯ ಬಾವಿಗಳಿಗೆ ಗುಟ್ಟಾಗಿ ಹಂಚುತ್ತಿದ್ದವು. ಮೊಳದಷ್ಟು ಮರಳು ಬಗೆದರೆ ವರತೆ. ಹೆಂಗಸರು ತೆಂಗಿನ ಚಿಪ್ಪಿನಲ್ಲಿ ಮೊಗೆಮೊಗೆದು ಕೊಡಕ್ಕೆ ಹಾಕುತ್ತಿದ್ದರು. ಒಂದು ಕೊಡ ತುಂಬಿ ಇನ್ನೊಂದನ್ನು ಹತ್ತಿರಕ್ಕೆ ಎಳೆದುಕೊಳ್ಳುವುದರೊಳಗೆ ಗುಂಡಿಯಲ್ಲಿ ಮತ್ತೆ ನೀರು ಊರಿರುತ್ತಿತ್ತು. ಮಧುಗಿರಿ, ಪಾವಗಡದ ಕಡೆ ತಲಪರಿಗೆಗಳಿದ್ದವು, ಅಂದರೆ ನೆಲದಿಂದ ತಾನೇ ಉಕ್ಕುವ ನೀರಿನ ಬುಗ್ಗೆಗಳು. ಊರಿನವರೇ ಸೇರಿ ಹೂಳು ತೆಗೆಯುವುದು, ಸರದಿಯಂತೆ ಗದ್ದೆಗೆ ನೀರು ಬಿಟ್ಟುಕೊಳ್ಳುವುದು. ಟೆಂಡರ್ ಇಲ್ಲ, ವಿಸ್ತೃತ ಯೋಜನಾ ವರದಿ ಇಲ್ಲ, ಗುದ್ದಲಿಪೂಜೆಗೆ ಮಂತ್ರಿಗಳಿಲ್ಲ. ಇಂಥ ಹಿಂದುಳಿದ ವ್ಯವಸ್ಥೆಯನ್ನು ಮಾನವಂತ ಸರ್ಕಾರ ಎಷ್ಟು ಕಾಲ ಸಹಿಸೀತು?

ಸಹಿಸಲಿಲ್ಲ. 1957ರ ಗಣಿ ಕಾಯ್ದೆಯ ಕಣ್ಣಿಗೆ ಮರಳು ಒಂದು ಉಪಖನಿಜ. ಟನ್ನಿಗೆ ಇಷ್ಟೆಂದು ರಾಜಧನ ಕಟ್ಟಿ ಕೊಂಡೊಯ್ಯಬಹುದು. ಎಷ್ಟು ಆಳ ತೋಡಬೇಕೆಂದು ಕೇಂದ್ರದ 2016ರ ಮಾರ್ಗಸೂಚಿಯೂ ಹೇಳಿದೆ: 3 ಮೀಟರ್ ಅಥವಾ ನೀರಿನ ಮಟ್ಟ, ಯಾವುದು ಕಡಿಮೆಯೋ ಅಷ್ಟು. ಬಲು ಸೊಗಸಾದ ವಾಕ್ಯ. ಹಿಟಾಚಿಯ ಬಕೆಟ್‌ಗೆ ಅಕ್ಷರಾಭ್ಯಾಸವಾಗಿಲ್ಲ ಎಂಬುದೊಂದೇ ತೊಡಕು.

ಅಮೆರಿಕದ ಕೊಲರಾಡೊ ರಾಜ್ಯದವರನ್ನು ನೆನೆದರೆ ಅಯ್ಯೋ ಪಾಪ ಎನ್ನಿಸುತ್ತದೆ. ಅಲ್ಲಿ ನದಿಯ ದಂಡೆಯಲ್ಲಿ ಜಲ್ಲಿಗಾಗಿ ಗುಂಡಿ ತೋಡುವಾಗ ಅಂತರ್ಜಲ ಬಿಸಿಲಿಗೆ ಕಂಡಿತೋ, ಮಾಲೀಕನ ಕಥೆ ಮುಗಿಯಿತು. ಆ ಗುಂಡಿಯನ್ನು ಬಾವಿಯೆಂದೇ ಹಿಡಿಯುತ್ತಾರೆ. ಅದರಿಂದ ಎಷ್ಟು ನೀರು ಆವಿಯಾಯಿತೋ ಅಷ್ಟನ್ನು ಅವನು ಬೇರೆಲ್ಲಿಂದಾದರೂ ಹೊಂದಿಸಿ ನದಿಗೆ ಬಿಡಬೇಕು, ನದಿಯ ಕೆಳಭಾಗದಲ್ಲಿ ನೀರಿನ ಹಕ್ಕುಳ್ಳವನಿಗೆ ಹೊತ್ತಿಗೆ ಸರಿಯಾಗಿ ತಲುಪುವಂತೆ. ತೊಳೆದ ಜಲ್ಲಿಗೆ ಅಂಟಿಕೊಂಡು ಹೋದ ತೇವವನ್ನೂ ಬಿಡುವುದಿಲ್ಲ. ತೂಕದ ಶೇ 4ರಷ್ಟು ಎಂದು ಹಿಡಿದು ಅದನ್ನೂ ವಾಪಸ್ ಕೇಳುತ್ತಾರೆ. ನಮ್ಮ 10 ಟನ್ನಿನ ಲಾರಿಗೆ ಈ ಲೆಕ್ಕ ಹಚ್ಚಿದರೆ 400 ಲೀಟರ್. ಹಿಂಬಾಗಿಲ ಸಂದಿಯಿಂದ ಹೆದ್ದಾರಿಯುದ್ದಕ್ಕೂ ಸುರಿಸಿಕೊಂಡು ಹೋಗುವ ಮರಳು ಲಾರಿಯ ಹಿಂದೆ ಬೈಕ್ ಓಡಿಸಿದವರಿಗೆ ಈ ತೇವದ ಪರಿಚಯವಿದೆ. ಕನ್ನಡಕ ಒರೆಸಿಕೊಂಡು ಮುಂದೆ ಹೋಗುತ್ತೇವೆ, ಯಾರ ಬಾವಿಯದು ಎಂದು ಕೇಳುವುದಿಲ್ಲ.

ಹಾಗೆಂದು ಕೊಲರಾಡೊದವರನ್ನು ತಲೆಯ ಮೇಲೆ ಹೊತ್ತು ಕುಣಿಯಬೇಕಾಗಿಲ್ಲ. 1981ರ ಜನವರಿ 1ಕ್ಕಿಂತ ಮೊದಲೇ ನೀರು ಕಂಡ ಗುಂಡಿಗಳಿಗೆ ಆವಿಯ ಲೆಕ್ಕದಿಂದ ವಿನಾಯಿತಿ ಕೊಟ್ಟಿದ್ದಾರೆ. ಆ ತಾರೀಖನ್ನು ಸೂರ್ಯನಿಗೆ ಯಾರು ತಿಳಿಸಿದರೋ! ಇದೇ ಪುಣ್ಯಾತ್ಮರು 2016ರವರೆಗೆ ಬಹುಪಾಲು ಮನೆಯವರಿಗೆ ತಮ್ಮ ಮಾಡಿನ ಮಳೆನೀರನ್ನು ಪೀಪಾಯಿಗೆ ಹಿಡಿಯಲೂ ಬಿಟ್ಟಿರಲಿಲ್ಲ. ಅದೂ ನದಿಯ ಕೆಳಗಿನವರ ಪಾಲಂತೆ. ಕೊನೆಗೆ ದೊಡ್ಡ ಮನಸ್ಸು ಮಾಡಿ ಮನೆಗೆ ಎರಡು ಪೀಪಾಯಿ ಎಂದು ಒಪ್ಪಿದರು. ಬೆಂಗಳೂರಿನಲ್ಲಿ ಮಳೆನೀರು ಹಿಡಿಯದಿದ್ದರೆ ದಂಡ, ಅಲ್ಲಿ ಎರಡು ಪೀಪಾಯಿ ಮೀರಿ ಹಿಡಿದರೆ ತಪ್ಪು. ಎರಡೂ ಕಡೆ ಕಾನೂನು ಓದಿದವರಿಗೆ ಕೆಲಸ ಸಿಗುತ್ತದೆ.

ಆದರೆ ಕಲ್ಪನಾಶಕ್ತಿಯಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಹೊಳೆಯ ಮರಳು ಖಾಲಿಯಾದಾಗ ಕೊಲರಾಡೊದವನಾಗಿದ್ದರೆ ಅಂಗಡಿ ಮುಚ್ಚುತ್ತಿದ್ದ. ನಮ್ಮವರು ಫಿಲ್ಟರ್ ಮರಳು ಕಂಡುಹಿಡಿದರು. ಕೆರೆಯಂಗಳದ ಮಣ್ಣನ್ನು, ಹೊಲದ ಮಣ್ಣನ್ನು ತಂದು ಸುರಿದು, ಮೋಟಾರ್ ಇಟ್ಟು ರಭಸವಾಗಿ ನೀರು ಹಾಯಿಸುವುದು; ಫಲವತ್ತಾದ ಮಣ್ಣೆಲ್ಲ ಕೆಂಪು ರಾಡಿಯಾಗಿ ಹಳ್ಳ ಸೇರುತ್ತದೆ, ಉಳಿದದ್ದನ್ನು ಬಾಚಿ ರಾತ್ರಿ ಲಾರಿಗೆ ತುಂಬುವುದು. ಆ ನೀರು ಬರುವುದು ಕೋಲಾರದಂಥ ಜಿಲ್ಲೆಯಲ್ಲಿ ಸಾವಿರ ಅಡಿ ದಾಟಿದ ಕೊಳವೆಬಾವಿಯಿಂದ. ನೀರು ಹಿಡಿದಿಡುವ ಮರಳು ಮುಗಿದಿದ್ದರಿಂದ, ಉಳಿದ ನೀರನ್ನು ಸುರಿದು ಮರಳು ಮಾಡಿ, ಆ ಮರಳನ್ನು ಕಾಂಕ್ರೀಟಿನೊಳಗೆ ಹೂಳುವ ಈ ಸಂಶೋಧನೆಗೆ ಇನ್ನೂ ಯಾವ ವಿಶ್ವವಿದ್ಯಾಲಯವೂ ಗೌರವ ಡಾಕ್ಟರೇಟ್ ಕೊಟ್ಟಿಲ್ಲ. ನಮ್ಮ ವಿಶ್ವವಿದ್ಯಾಲಯಗಳ ಧಾರಾಳತನ ಬಲ್ಲವರಿಗೆ ಇದು ಆಶ್ಚರ್ಯವೇ.

2018ರಲ್ಲಿ ಮಲೇಷ್ಯಾದ ಮರಳೂ ಬಂತು, ನೆನಪಿದೆಯಲ್ಲ? ನೋಟ್‌ಬುಕ್, ಚೀಟಿ ವ್ಯವಹಾರ, ಮದ್ಯ, ಎಲ್ಲವನ್ನೂ ನಡೆಸುವ ನಮ್ಮ ರಾಜ್ಯ ಸರ್ಕಾರದ ಕಂಪನಿ ಎಂಎಸ್‌ಐಎಲ್ ಹಡಗಿನಲ್ಲಿ ಮರಳು ತರಿಸಿ 50 ಕಿಲೋ ಚೀಲದಲ್ಲಿ ಮಾರಿತು. ಮಲೇಷ್ಯಾದ ಯಾವ ಹೊಳೆಯ ದಂಡೆಯಲ್ಲಿ ಯಾರ ಬಾವಿ ಬತ್ತಿತೋ, ಅದು ವಿದೇಶಾಂಗ ವ್ಯವಹಾರ.

ಇಷ್ಟಾದ ಮೇಲೆ ನೀರು ತುಂಬಿಕೊಡುವ ಹೊಣೆಯಿಂದ ಸರ್ಕಾರ ನುಣುಚಿಕೊಂಡಿತೇ? ಖಂಡಿತ ಇಲ್ಲ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯ ಮೂಲಕ ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸಲಾಯಿತು. ಮುಂದಿನ ತಿಂಗಳೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆಯೂ ಎದ್ದಿತು. ಜನ ಸುಮ್ಮನೆ ಗಾಬರಿಯಾದರು. ಲೆಕ್ಕ ಚೊಕ್ಕವಾಗಿಯೇ ಇತ್ತು: ಕೋಲಾರದ ಮರಳು ಬೆಂಗಳೂರಿಗೆ ಹೋಗಿ ಅಪಾರ್ಟ್‌ಮೆಂಟ್ ಆಯಿತು, ಆ ಅಪಾರ್ಟ್‌ಮೆಂಟಿನ ಬಚ್ಚಲ ನೀರು ಕೋಲಾರಕ್ಕೆ ಬಂತು. ಮಗಳನ್ನು ಕೊಟ್ಟ ಮನೆಯಿಂದ ಹಬ್ಬಕ್ಕೆ ಹಳಸಿದ ಹೋಳಿಗೆ ಬಂದ ಹಾಗೆ. ಬಂತಲ್ಲ ಎಂದು ಸಮಾಧಾನಪಡಬೇಕು.

ಇನ್ನು ಪಶ್ಚಿಮಘಟ್ಟದ ಹಳ್ಳಗಳ ನೀರನ್ನು ಬಯಲುಸೀಮೆಗೆ ತರುವ ಎತ್ತಿನಹೊಳೆ ಯೋಜನೆ. 2014ರಲ್ಲಿ ಶಂಕುಸ್ಥಾಪನೆಯಾಗಿ 2024ರ ಗೌರಿ ಹಬ್ಬಕ್ಕೆ ಮೊದಲ ಹಂತ ಉದ್ಘಾಟನೆಯಾಯಿತು. ಅಂದಾಜು ವೆಚ್ಚ ಈ ನಡುವೆ 12,912 ಕೋಟಿಯಿಂದ 23,251 ಕೋಟಿ ರೂಪಾಯಿಗೆ ಏರಿತು. ಯೋಜನೆಯಲ್ಲಿ ಎಲ್ಲಕ್ಕಿಂತ ಮೊದಲು ಉಕ್ಕಿ ಹರಿದದ್ದು ಅದೇ. ಸಿಗುವುದು 24 ಟಿಎಂಸಿ ಎಂದು ಸರ್ಕಾರ, ಅಲ್ಲಿರುವುದೇ 9.55 ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನ. ಸಕಲೇಶಪುರದ ಕಾಡು ಸೀಳಿ, ಬೆಟ್ಟಕ್ಕೆ ನೀರೆತ್ತಿ, ಬಯಲಿಗೆ ತಂದು ಕೆರೆಗಳಿಗೆ ಬಿಡಬೇಕು. ಬಿಟ್ಟರೂ ಮುಂದೇನು? ಮರಳಿದ್ದಾಗ ಮಳೆನೀರು ಹೊಳೆಯಲ್ಲಿ ತಂಗಿ, ತಿಂಗಳುಗಟ್ಟಲೆ ಬಾವಿಗಳಿಗೆ ಇಳಿಯುತ್ತಿತ್ತು. ಈಗ ಬಂಡೆ ಕಾಣುವವರೆಗೆ ಬಾಚಿದ ಹೊಳೆಯಲ್ಲಿ ಬಂದ ಮಳೆಯೂ ಒಂದೇ ಓಟಕ್ಕೆ ಗಡಿ ದಾಟುತ್ತದೆ. ಅಷ್ಟು ನೀರನ್ನು ಪುಕ್ಕಟೆ ಹಿಡಿದಿಡುತ್ತಿದ್ದ ಮರಳನ್ನು ಲಾರಿಯ ಲೆಕ್ಕದಲ್ಲಿ ಮಾರಿಕೊಂಡು, ಪಶ್ಚಿಮಘಟ್ಟದ ನೀರಿಗೆ ಪೈಪು ಹಾಕುತ್ತಿದ್ದೇವೆ.

ನಗುವುದಕ್ಕೂ ಬೇಸರವಾಗುತ್ತದೆ. 2023ರ ಜೂನ್‌ನಲ್ಲಿ ಜೇವರ್ಗಿ ತಾಲ್ಲೂಕಿನಲ್ಲಿ ಅಕ್ರಮ ಮರಳು ಸಾಗಿಸುತ್ತಿದ್ದ ಟ್ರ್ಯಾಕ್ಟರ್ ತಡೆಯಲು ಹೋದ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಅದೇ ಟ್ರ್ಯಾಕ್ಟರಿಗೆ ಸಿಕ್ಕಿ ಸತ್ತರು. ಒಂದು ವಾರ ಸುದ್ದಿಯಾಯಿತು. ಹೊಳೆ ದಂಡೆಯ ರೈತ ಬತ್ತಿದ ಬಾವಿಗೆ ಪರಿಹಾರ ಕೇಳಲು ಹೋದರೆ ಅವನ ಮುಂದಿರುವುದು ಇಷ್ಟೇ: ಹೋದದ್ದು ಎಷ್ಟೆಂದು ಅಳೆದವರಿಲ್ಲ, ಆದ್ದರಿಂದ ಕೊಡಬೇಕಾದವರೂ ಇಲ್ಲ. ರಾಜಧನ ಖಜಾನೆಗೆ, ಅದರ ಹತ್ತಿಪ್ಪತ್ತು ಪಟ್ಟು ಬೇರೆಯವರ ಜೇಬಿಗೆ, ಪೈಪಿನ ಬಿಲ್ಲು ಎಲ್ಲರ ತಲೆಗೆ. ಅವನು ಮತ್ತೆ ಸಾಲ ಮಾಡಿ ಇನ್ನೊಂದು ಕೊಳವೆಬಾವಿ ಕೊರೆಸುತ್ತಾನೆ. ನೀರು ಬೀಳದಿದ್ದರೆ ಹೊಲದ ಮಣ್ಣು ಕೇಳಿಕೊಂಡು ಫಿಲ್ಟರ್ ಮರಳಿನವನು ಬರುತ್ತಾನೆ, ರೇಟೂ ಒಳ್ಳೆಯದನ್ನೇ ಹೇಳುತ್ತಾನೆ.